ನೋಡುವ ಮೊದಲೇ ಮೆಚ್ಚಿದ ಕೋಲಾಟ

ಹೊಗಳುವುದರಲ್ಲಿ ನಾನು ಧಾರಾಳಿ. ನೋಡುವುದರಲ್ಲಿ ಮಾತ್ರ ಸ್ವಲ್ಪ ಜುಗ್ಗ. ಹೊಸ ಸೀರೆಯೋ, ಕಿಟಕಿಯ ಪರದೆಯೋ, ಅಂಗಳದ ರಂಗೋಲಿಯೋ, ಮನೆಯಲ್ಲಿ ಯಾರು ಏನು ತೋರಿಸಿದರೂ ಪೇಪರಿನಿಂದ ತಲೆ ಎತ್ತುವ ಮೊದಲೇ ನನ್ನ ಬಾಯಿಂದ 'ಛಂದ ಆಗ್ಯಾದ' ಎಂಬ ಮಾತು ಹೊರಬಿದ್ದಿರುತ್ತದೆ. ಸಂಸಾರ ಸುಗಮವಾಗಿ ನಡೆಯುವುದು ಇದರಿಂದಲೇ ಎಂದು ಇಪ್ಪತ್ತಾರು ವರ್ಷ ನಂಬಿಕೊಂಡಿದ್ದೆ. ಒಮ್ಮೆ ನನ್ನ ಹೆಂಡತಿ ಸುವರ್ಣಾ ಇಸ್ತ್ರಿ ಮಾಡಲೆಂದು ಹಿಡಿದು ನಿಂತಿದ್ದ ನನ್ನದೇ ಹಳೆಯ ಅಂಗಿಯನ್ನು ಅವಳ ಹೊಸ ಸೀರೆಯೆಂದು ಮೆಚ್ಚಿದ್ದೂ ಉಂಟು. ಆಗ ಅವಳು ನಕ್ಕಿದ್ದಳು. ಕಮಲಾಪುರದ ರೈತರ ಸಂತೆಯಲ್ಲಿ ನಗಲಿಲ್ಲ.

ಆದದ್ದಿಷ್ಟು. ಕಲಬುರಗಿಯ ನಮ್ಮ ಓಣಿಯ ಎಂಟು ಜನ ಹೆಂಗಸರು ಸೇರಿ ಒಂದು ಕೋಲಾಟದ ತಂಡ ಕಟ್ಟಿದರು. ತಾಲೀಮು ನಮ್ಮ ಮಾಳಿಗೆಯ ಮೇಲೆ. ಕೋಲು ಬರುವುದು ತಡವಾದ್ದರಿಂದ ಮೊದಲು ಲಟ್ಟಣಿಗೆಗಳಲ್ಲೇ ಕಲಿತರು. ಲಟ್ಟಣಿಗೆಗಳು ಮನೆಯಿಂದ ಮನೆಗೆ ಅದಲುಬದಲಾಗಿ, ಪೆಟ್ಟು ತಿಂದು ಸೊಟ್ಟಗಾಗಿ, ಒಂದು ತಿಂಗಳು ಓಣಿಯಲ್ಲಿ ಯಾರಿಗೂ ದುಂಡನೆಯ ಚಪಾತಿ ಸಿಗಲಿಲ್ಲ. ಅಷ್ಟರಲ್ಲಿ ಕಮಲಾಪುರದಿಂದ ಕರೆ ಬಂತು. ರವಿವಾರ ಅಲ್ಲಿ ರೈತರ ಸಂತೆ, ಪಕ್ಕದ ಬಯಲಿನಲ್ಲಿ ಊರೂರಿನವರ ಕುಣಿತ. ನೀವೂ ಬನ್ನಿ ಎಂದು. ಬಸ್ಸಿನಲ್ಲಿ ಸುವರ್ಣಾ ಕಿಟಕಿಯ ಪಕ್ಕ ಕುಳಿತು ಬೆರಳಿನಲ್ಲೇ ತಾಳ ಹಾಕುತ್ತಿದ್ದಳು.

"ಸಾಲ್ಯಾಗಿದ್ದಾಗ ಒಮ್ಮೆ ಡ್ಯಾನ್ಸಿಗೆ ಹೆಸರು ಕೊಟ್ಟಿದ್ದೆ ನೋಡ್ರಿ. ಅವತ್ತ ಜ್ವರ ಬಂತು. ಆಮ್ಯಾಲ ಮದುವಿ ಆತು" ಎಂದಳು, ಎರಡೂ ಒಂದೇ ಕಾಯಿಲೆಯ ಎರಡು ಹಂತಗಳೆಂಬಂತೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಮುಂದಿನ ಸಾಲಿನ್ಯಾಗ ಕೂಡ್ರಬೇಕು. ನನಗ ಮಂದಿ ಕಂಡ್ರ ಅಂಜಿಕಿ. ನಿಮ್ಮ ಮಾರಿ ಒಂದ ನೋಡಕೋತ ಕುಣೀತೀನಿ" ಎಂದಳು. ನಾನು ಕೂಡಲೇ ಒಪ್ಪಿದೆ. ಒಪ್ಪುವುದರಲ್ಲೂ ನಾನು ಧಾರಾಳಿಯೇ.

ಅವರ ತಂಡದ ಪಾಳಿಗೆ ಇನ್ನೂ ಹೊತ್ತಿತ್ತು. ಕಮಲಾಪುರಕ್ಕೆ ಹೋಗಿ ಅಲ್ಲಿಯ ಕೆಂಪು ಬಾಳೆಹಣ್ಣು ತರದೆ ಬಂದವನು ನಮ್ಮೂರಲ್ಲಿ ಹೋಗಿಯೇ ಇಲ್ಲ ಎಂದು ಲೆಕ್ಕ. ಸಂತೆಗೆ ನುಗ್ಗಿದೆ. ಮೆಂತ್ಯ, ಪುಂಡಿಪಲ್ಯೆ ಸೊಪ್ಪಿನ ರಾಶಿಗಳನ್ನು ದಾಟಿದರೆ, ಗೋಣಿಚೀಲ ಹಾಸಿ ಬಾಳೆಹಣ್ಣು ಒಟ್ಟಿಕೊಂಡು ಒಬ್ಬ ರೈತ ಕುಳಿತಿದ್ದ. ಅಭ್ಯಾಸಬಲದಿಂದ ಒಂದು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ.

"ಒತ್ತಬ್ಯಾಡ್ರೀ ಸಾಹೇಬ್ರ! ಅದೇನು ಮನಿ ಬಾಗಿಲದ ಬೆಲ್ಲೇನ್ರಿ? ಯಾವತ್ತು ತಿನ್ನಾವ್ರು, ಅದನ್ನ ಹೇಳ್ರಿ. ಅವತ್ತಿಗೆ ಬರೋಬ್ಬರಿ ಹಣ್ಣಾಗಂಗ ಕೊಡ್ತೀನಿ."

"ದಿನಕ್ಕ ಎರಡರಂಗ ಒಂದು ವಾರಕ್ಕ ಕೊಡಪಾ" ಎಂದುಬಿಟ್ಟೆ. ತಪ್ಪಾದದ್ದು ಅಲ್ಲಿ. ಆತ ಒಂದೊಂದೇ ಹಣ್ಣನ್ನು ಎತ್ತಿ, ತೊಟ್ಟು ನೋಡಿ, ಬಿಸಿಲಿಗೆ ಹಿಡಿದು, "ಇವೆರಡು ಸೋಮವಾರಕ್ಕ, ಇವು ಮಂಗಳವಾರಕ್ಕ" ಎಂದು ಜಾತಕ ಬರೆಯುವವನಂತೆ ಆರಿಸತೊಡಗಿದ. ಗುರುವಾರದ ಹಣ್ಣು ಆರಿಸುತ್ತಿದ್ದಾಗ ಮೈಕಿನಲ್ಲಿ ಕೋಲುಗಳ ಸದ್ದು ಕೇಳಿಸಿತು.

"ಕೋಲಾಟ ಶುರು ಆತು, ನಾ ಹೊಂಟೆ" ಎಂದೆ.

"ಹಿಂಗ ನಡುವ ಬಿಟ್ಟು ಹೋದ್ರ ಹ್ಯಾಂಗ್ರೀ? ಶುಕ್ರವಾರ, ಶನಿವಾರ ಉಪಾಸ ಇರ್ತೀರೇನು?"

ಅಷ್ಟು ಶ್ರದ್ಧೆಯ ಮನುಷ್ಯನನ್ನು ಬಿಟ್ಟು ಏಳಲು ಮನಸ್ಸು ಬರಲಿಲ್ಲ. ವಾರ ತುಂಬಿಸಿಕೊಂಡು ಓಡುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಬಯಲಿನ ಅಂಚಿನಲ್ಲಿ ಹಸಿರು ಸೀರೆಗಳ ಗುಂಪು. ನಡುವೆ ಕೋಲು ಹಿಡಿದ ಸುವರ್ಣಾ. ಏದುಸಿರು ಬಿಡುತ್ತಲೇ ಹೇಳಿದೆ: "ಭಾಳ ಛಂದ ಕುಣಿದಿ! ನಾ ಮುಂದನ ಕೂತಿದ್ದೆ."

ಅವಳ ಜೋಡಿಯಾದ ಪಕ್ಕದ ಮನೆಯ ಶಾಂತಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಅಣ್ಣಾರ, ಈಗ ಕುಣಿದವ್ರು ತಾಜಸುಲ್ತಾನಪುರದವ್ರು. ಅವ್ರಿಗೂ ಹಸಿರು ಸೀರಿನ. ನಮ್ಮ ಪಾಳಿ ಈಗ ಬರ್ತದ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಿ ನೋಡ್ರಿ!"

ಎಲ್ಲರೂ ನಕ್ಕರು. ಸುವರ್ಣಾ ನನ್ನ ಕೈಚೀಲವನ್ನೊಮ್ಮೆ ನೋಡಿ ಕುಣಿಯಲು ನಡೆದಳು.

ನಾನು ಹೋಗಿ ಎಲ್ಲರಿಗಿಂತ ಮುಂದೆ, ಚಿಕ್ಕ ಮಕ್ಕಳ ನಡುವೆ ನೆಲದ ಮೇಲೆ ಕುಳಿತೆ. ಅವಳು ನನ್ನ ಕಡೆ ತಿರುಗಲಿಲ್ಲ. ಬಯಲಿನಾಚೆಯ ಬೇವಿನ ಮರವನ್ನು ನೋಡುತ್ತ ಕುಣಿಯತೊಡಗಿದಳು. ಇಪ್ಪತ್ತಾರು ವರ್ಷದಲ್ಲಿ ನಾನು ಅವಳನ್ನು ಅಷ್ಟು ಹೊತ್ತು ಕಣ್ಣು ತೆಗೆಯದೆ ನೋಡಿದ್ದು ಅದೇ ಮೊದಲು. ಮೊಣಕಾಲು ನೋವೆಂದು ಮೆಟ್ಟಿಲಿಗೊಮ್ಮೆ ನಿಲ್ಲುವವಳು ಇವಳೇನಾ ಅನ್ನಿಸಿತು. ಮೂರನೆಯ ಸುತ್ತಿನಲ್ಲಿ ಎಲ್ಲರೂ ಎಡಕ್ಕೆ ತಿರುಗಿದಾಗ ಇವಳೊಬ್ಬಳು ಬಲಕ್ಕೆ ತಿರುಗಿ, ಕೋಲು ಹೋಗಿ ಶಾಂತಕ್ಕನ ಬಳೆಗಳಿಗೆ ಬಡಿದು ಅವು ಒಡೆದವು. ನಾಲಿಗೆ ಕಚ್ಚಿಕೊಂಡು ನಕ್ಕಳು. ಆ ನಗುವಿನಲ್ಲಿ ಹದಿನೈದರ ಹುಡುಗಿಯೊಬ್ಬಳು ಜ್ವರ ಬಿಟ್ಟು ಎದ್ದು ಬಂದಂತಿತ್ತು.

ಕುಣಿತ ಮುಗಿದು ಬಸ್ಸಿನ ಕಡೆ ನಡೆಯುವಾಗ, "ಖರೇನ ಭಾಳ ಛಂದಿತ್ತು" ಎಂದೆ.

"ಹೌದು, ಆಗಲೇ ಹೇಳೀರಲ್ಲ" ಎಂದಳು.

ನನ್ನ ಮಾತಿಗೆ ಕಿಮ್ಮತ್ತೇ ಉಳಿದಿರಲಿಲ್ಲ. ಬೇರೆ ದಾರಿ ಕಾಣದೆ ಹೇಳಿದೆ: "ಮೂರನೇ ಸುತ್ತಿನ್ಯಾಗ ನೀ ಬಲಕ್ಕ ತಿರುಗಿದಿ. ಶಾಂತಕ್ಕನ ಬಳಿ ಒಡದ್ವು. ನೀ ನಾಲಿಗಿ ಕಚ್ಚಕೊಂಡು ನಕ್ಕಿ."

ಅವಳು ನಿಂತುಬಿಟ್ಟಳು. "ಅಯ್ಯ, ಅದು ಕಂಡಿತೇನ್ರಿ ನಿಮಗ? ಹಂಗಾರ ಖರೇನ ನೋಡೀರಿ!" ಮುಖ ಅರಳಿತು. ಕೈಚೀಲದ ಒಂದು ಕಿವಿಯನ್ನು ತಾನೂ ಹಿಡಿದುಕೊಂಡಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊಸದಾಗಿ ನೋಡಲು ಕಲಿತವನ ಹುರುಪು ನೋಡಿ! "ಕಡೀ ಹಾಡಿನ್ಯಾಗನೂ ಎರಡು ಸಲ ತಾಳ ತಪ್ಪಿದಿ" ಎಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು ಕುಳಿತಳು, ಅವಳ ಪಕ್ಕ ಶಾಂತಕ್ಕ ಕುಳಿತಳು. ನಾನು ಚೀಲ ಹಿಡಿದು ಕಲಬುರಗಿಯವರೆಗೂ ನಿಂತೇ ಬಂದೆ. ಹಾಗೆ ನಿಂತರೆ ಅವಳ ಮುಖ ಪೂರ್ತಿ ಕಾಣುತ್ತಿತ್ತು. ಬಹಳ ಛಂದ ಕಾಣುತ್ತಿದ್ದಳು. ಆದರೆ ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.