‘ಎಷ್ಟು ಕಚ್ಚಿದವು?’ ಎಂಬ ಕಾಲಂ

ಇದು ನಡೆದದ್ದು ಕಳೆದ ಮಳೆಗಾಲದ ಆರು ವಾರಗಳಲ್ಲಿ. ಜನರ ಕೈಗೆ ಫಾರಂ ಕೊಟ್ಟರೆ ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದುಕೊಡುತ್ತಾರೆ, ಇದು ಯಾವಾಗಲೂ ಇದ್ದದ್ದೇ ಎಂದು ಈ ಕೆಲಸದಲ್ಲಿ ಹಳಬರಾದವರು ಹೇಳಿದ್ದರು. ನಾನು ನಂಬಿರಲಿಲ್ಲ. ಎಂ.ಎಸ್ಸಿ. ಮುಗಿಸಿ ಮೂರೇ ತಿಂಗಳಾಗಿತ್ತು.

ಒಂದು ಸಣ್ಣ ಕಂಪನಿ ಸೊಳ್ಳೆ ಓಡಿಸುವ ಸ್ಟಿಕ್ಕರ್ ತಯಾರಿಸಿತ್ತು. ಗಾತ್ರ ಹತ್ತು ರೂಪಾಯಿ ನಾಣ್ಯದಷ್ಟು. ಸಂಜೆ ಬಟ್ಟೆಯ ಮೇಲೆ, ಕತ್ತಿನ ಹತ್ತಿರ ಅಂಟಿಸಿಕೊಂಡರೆ ಸೊಳ್ಳೆ ಬರಬಾರದು. ಬರುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಅರಸೀಕೆರೆಯಲ್ಲಿ ಎಂಟು ಜನ, ಬೇಲೂರು ಕಡೆ ಎಂಟು, ಹಳೇಬೀಡಿನಲ್ಲಿ ಎಂಟು. ಒಬ್ಬೊಬ್ಬರಿಗೆ ಮೂವತ್ತು ಸ್ಟಿಕ್ಕರ್, ಒಂದು ಫಾರಂ. ದಿನಕ್ಕೊಂದು ಅಂಟಿಸಿಕೊಂಡು, ಆರರಿಂದ ಎಂಟರವರೆಗೆ ಎಷ್ಟು ಸೊಳ್ಳೆ ಕಚ್ಚಿದವು ಎಂದು ಬರೆಯಬೇಕು. ಅರ್ಧ ಜನರ ಸ್ಟಿಕ್ಕರಿನಲ್ಲಿ ಔಷಧ ಇತ್ತು, ಇನ್ನರ್ಧ ಜನರದ್ದರಲ್ಲಿ ಬರೀ ವಾಸನೆ. ಯಾರದ್ದು ಯಾವುದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸರಿಯಾಗಿ ತುಂಬಿದ ಫಾರಂ ಹದಿನೈದು ಬಂದರೆ ನನ್ನ ಕೆಲಸ ಒಂದು ವರ್ಷ ಮುಂದುವರಿಯುತ್ತದೆ, ಇಲ್ಲದಿದ್ದರೆ ಆರು ವಾರಕ್ಕೇ ಮುಗಿಯುತ್ತದೆ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಇಪ್ಪತ್ನಾಲ್ಕರಲ್ಲಿ ಹದಿನೈದು. ಸುಲಭ ಎಂದುಕೊಂಡೆ.

1. ಬಾಗಿಲು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರ ಅಂಗಡಿಗೆ ಹತ್ತನೆಯ ದಿನ ಹೋದೆ. ಫಾರಂ ಅಚ್ಚುಕಟ್ಟಾಗಿತ್ತು. ಹತ್ತೂ ದಿನ ಸೊನ್ನೆ. ಯಜಮಾನರು ಮಾತ್ರ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತ ಕೂತಿದ್ದರು. ಅಂಗಿಯ ಮೇಲೆ ಸ್ಟಿಕ್ಕರ್ ಕಾಣಲಿಲ್ಲ.

“ಸ್ಟಿಕ್ಕರ್ ಎಲ್ಲಿ ಯಜಮಾನ್ರೇ?”

ಬಾಗಿಲು ತೋರಿಸಿದರು. ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕದಲ್ಲಿ ಹತ್ತು ಸ್ಟಿಕ್ಕರ್ ಸಾಲಾಗಿ ಅಂಟಿದ್ದವು.

“ಅದನ್ನ ನೀವು ಹಾಕ್ಕೋಬೇಕಿತ್ತು.”

“ನೋಡಮ್ಮ, ಸೊಳ್ಳೆ ಒಳಗೆ ಬರೋದೇ ಬಾಗಿಲಿಂದ. ಅಲ್ಲಿ ತಡೆಯೋದು ಬಿಟ್ಟು, ಮೈಮೇಲೆ ಬಂದು ಕೂರೋವರೆಗೂ ಬಿಟ್ಕೊಂಡು ಆಮೇಲೆ ತಡೀತಾರಾ? ನೀನು ಓದಿದೋಳು.”

“ಹಾಗಾದ್ರೆ ಸೊನ್ನೆ ಯಾಕೆ ಬರೆದಿರಿ? ಈಗಲೂ ಕೆರೆದುಕೊಳ್ತಾ ಇದ್ದೀರಿ.”

“ಸ್ಟಿಕ್ಕರ್ ಹಾಕಿದ ಜಾಗದಲ್ಲಿ ಎಷ್ಟು ಕಚ್ಚಿದ್ವು ಅಂತ ತಾನೆ ಕೇಳಿರೋದು? ಬಾಗಿಲಿಗೆ ಒಂದೂ ಕಚ್ಚಿಲ್ಲ.”

2. ನಾಲ್ಕೂವರೆ

ಬೇಲೂರು ಕಡೆಯ ಹಗರೆಯಲ್ಲಿ ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸೊಬ್ಬರಿದ್ದರು. ಅವರ ಫಾರಂ ನೋಡಿದೆ. ನಾಲ್ಕು. ನಾಲ್ಕೂಕಾಲು. ನಾಲ್ಕೂವರೆ.

“ಅಕ್ಕ, ಅರ್ಧ ಸೊಳ್ಳೆ ಹೇಗೆ ಕಚ್ಚುತ್ತೆ?”

“ಅದು ಸೊಳ್ಳೆ ಲೆಕ್ಕ ಅಲ್ಲ ಕಣವ್ವ, ಹಾಲಿನ ಲೆಕ್ಕ.”

ಕೊಟ್ಟಿಗೆಗೆ ಕರೆದುಕೊಂಡು ಹೋದರು. ಸ್ಟಿಕ್ಕರ್ ಹಸುವಿನ ಕೊಂಬಿನ ಮೇಲಿತ್ತು.

“ನಂಗೆ ಕಚ್ಚಿದ್ರೆ ಕೆರ್ಕೊಂತೀನಿ. ಅದ್ಕೆ ಕೈ ಐತಾ?”

“ಸರಿ. ಹಾಲಿನ ಲೆಕ್ಕ ಯಾಕೆ?”

“ಎಷ್ಟು ಕಚ್ಚಿದ್ವು ಅಂತ ಕೇಳಿದ್ರೆ ಅದು ಬಾಯ್ಬಿಟ್ಟು ಹೇಳ್ತೈತಾ? ಹಾಲು ಜಾಸ್ತಿ ಕೊಟ್ರೆ ಸೊಳ್ಳೆ ಕಮ್ಮಿ ಕಚ್ಚವೆ ಅಂತ.”

ತರ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಫಾರಂ ಮಾತ್ರ ಉಪಯೋಗಕ್ಕೆ ಬರುವಂತಿರಲಿಲ್ಲ. ಹೊರಟಾಗ ಅವರು ಹಿಂದಿನಿಂದ ಕೂಗಿದರು: “ಆ ಇನ್ನೊಂದ್ ಹಸೀಗೂ ಒಂದು ಫಾರಂ ಕೊಟ್ಟೋಗವ್ವ. ಬೆಳಗ್ಗೆಯಿಂದ ಮುನಿಸ್ಕೊಂಡೈತೆ.”

3. ಸಾಕ್ಷಿ

ಬೇಲೂರಿನಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. ಇವರದ್ದಾದರೂ ಸರಿಯಾಗಿರುತ್ತದೆ ಎಂದು ನಂಬಿಕೊಂಡಿದ್ದೆ. ಫಾರಂ ಕೈಗೆ ಬಂದಾಗ ದಪ್ಪಗಿತ್ತು. ಸತ್ತ ಸೊಳ್ಳೆಗಳನ್ನು ತಾರೀಖಿನ ಪಕ್ಕ ಗೋಂದು ಹಾಕಿ ಅಂಟಿಸಿದ್ದರು. ಒಟ್ಟು ಮೂವತ್ತೊಂದು. ಎಷ್ಟು ಕಚ್ಚಿದವು ಎಂಬಲ್ಲಿ ಸೊನ್ನೆ.

“ಕಚ್ಚೋಕೆ ಮುಂಚೆಯೇ ಹೊಡೆದೆ. ಆದ್ದರಿಂದ ಸೊನ್ನೆ” ಎಂದರು.

“ಸರ್, ನೀವು ಹೊಡೆದರೆ ಸ್ಟಿಕ್ಕರ್ ಕೆಲಸ ಮಾಡಿತೋ ಇಲ್ಲವೋ ಹೇಗೆ ಗೊತ್ತಾಗುತ್ತೆ?”

“ಅಂದರೆ, ಸೊಳ್ಳೆ ಬಂದು ಕೂತಿದ್ದು ಕಂಡ ಮೇಲೂ ನಾನು ಕೈ ನೀಡ್ಕೊಂಡು ಕೂತಿರಬೇಕಿತ್ತೇನು?”

ಹೌದು ಎಂಬುದೇ ಉತ್ತರ. ಮೇಷ್ಟ್ರಿಗೆ ಹೇಳುವುದು ಹೇಗೆ? ಅಷ್ಟರಲ್ಲಿ ಅವರು ಭೂತಗನ್ನಡಿ ತಂದರು. “ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ. ಇದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು ನೋಡಿ ಹೇಳು. ನೀನು ಪ್ರಾಣಿಶಾಸ್ತ್ರ ತಾನೆ? ಗಂಡಿದ್ದರೆ ಕಳೆದುಬಿಡೋಣ. ಅವಕ್ಕೆ ಅನ್ಯಾಯ ಆಗಬಾರದು.”

ನಲವತ್ತು ನಿಮಿಷ ನೋಡಿದೆ. ಎರಡು ಸಲ ಕಾಫಿ ಬಂತು. ಹೆಣ್ಣು ಹತ್ತೊಂಬತ್ತು, ಗಂಡು ಏಳು, ಸಣ್ಣ ನೊಣ ಐದು.

ಮೇಷ್ಟ್ರು ಬೇಸರಪಟ್ಟುಕೊಂಡರು. “ನೊಣಕ್ಕೆ ಬೇರೆ ಕಾಲಂ ಬೇಕಿತ್ತು. ಈ ಫಾರಂ ಮಾಡಿದ ಬುದ್ಧಿವಂತ ಯಾರು?”

ಮಾಡಿದವಳು ನಾನೇ.

4. ತಾಂಬೂಲ

ಅರಸೀಕೆರೆಯ ಇನ್ನೊಂದು ಮನೆಯ ಗೃಹಿಣಿ ಮಗಳ ಸೀಮಂತಕ್ಕೆ ನನ್ನನ್ನೂ ಕರೆದರು. ಊಟ ಚೆನ್ನಾಗಿತ್ತು. ಹೊರಡುವಾಗ ಅರಿಶಿನ ಕುಂಕುಮ ಕೊಟ್ಟು ತಾಂಬೂಲದ ಚೀಲ ಕೈಗಿಟ್ಟರು. ಒಳಗೆ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಅದರ ಕೆಳಗೆ ನನಗೆ ಚೆನ್ನಾಗಿ ಗುರುತಿರುವ ಒಂದು ಪೊಟ್ಟಣ.

“ಆಂಟಿ, ಇದು ಪರೀಕ್ಷೆಗೆ ಕೊಟ್ಟ ಸ್ಟಿಕ್ಕರ್.”

“ಗೊತ್ತಮ್ಮ. ಈಗ ಬ್ಲೌಸ್ ಪೀಸ್ ಕೊಟ್ರೆ ಯಾರು ಹೊಲಿಸ್ಕೋತಾರೆ ಹೇಳು? ಈ ಮನೆಯಿಂದ ಆ ಮನೆಗೆ ಸುತ್ತುತ್ತೆ. ಹೋದ ವರ್ಷ ನಾನು ಕೊಟ್ಟಿದ್ದು ನನಗೇ ವಾಪಸ್ ಬಂತು. ಇದಾದ್ರೆ ಉಪಯೋಗಕ್ಕೆ ಬರುತ್ತೆ.”

“ಎಷ್ಟು ಜನಕ್ಕೆ ಕೊಟ್ರಿ?”

“ಸರಿಯಾಗಿ ಮೂವತ್ತು ಜನಾನೇ ಕರೆದೆ, ನಿನ್ನನ್ನೂ ಸೇರಿಸಿ. ಒಂದೂ ವೇಸ್ಟ್ ಮಾಡಿಲ್ಲ ಕಣಮ್ಮ.”

ಪೊಟ್ಟಣದ ಮೇಲೆ ನನ್ನ ಫೋನ್ ನಂಬರ್ ಇತ್ತು. ಮಾರನೆಯ ದಿನ ಜಾವಗಲ್‌ನಿಂದ ಯಾರೋ ಫೋನ್ ಮಾಡಿದರು. ಸೀಮಂತಕ್ಕೆ ಬಂದಿದ್ದವರಂತೆ. “ರೀ, ನಮ್ಮ ನಾದಿನಿಗೆ ಕೊಟ್ಟಿರೋದು ಘಮ್ ಅಂತಿದೆ, ನನಗೆ ಕೊಟ್ಟಿರೋದು ಪೊಟ್ಟಣ ಬಾಯಿ ಬಿಟ್ಟು ಸಪ್ಪೆಯಾಗಿದೆ. ನಾವೇನು ಕಮ್ಮಿ ಸಂಬಂಧದೋರಾ?”

5. ಇತರೆ

ಕೆಟ್ಟ ಫಾರಂಗಳು ಇನ್ನೂ ಐದು. ವಿವರ ಚುಟುಕಾಗಿ ಕೊಡುತ್ತೇನೆ. ಒಬ್ಬರು ಔಷಧದ ಪವರ್ ಹೋಗದಿರಲಿ ಎಂದು ಸ್ಟಿಕ್ಕರುಗಳನ್ನು ಫ್ರಿಜ್‌ನಲ್ಲಿಟ್ಟಿದ್ದರು, ಈಗಲೂ ಅಲ್ಲೇ ಇವೆ. ಒಬ್ಬರು ಸೊಳ್ಳೆ ಬ್ಯಾಟಿಗೆ ಅಂಟಿಸಿದ್ದರು. ಒಬ್ಬರು ಫಾರಂ ಕಳೆದು, ಬದಲಿಗೆ ಕರೆಂಟ್ ಬಿಲ್ಲಿನ ಹಿಂದೆ ನೆನಪಿದ್ದಷ್ಟು ಬರೆದರು. ಒಂದು ಮನೆಯಲ್ಲಿ ಗಂಡನಿಗೆ ಕಚ್ಚಿದ್ದನ್ನು ಹೆಂಡತಿ ಎಣಿಸಿದರು, ಗಂಡ ಒಪ್ಪಲಿಲ್ಲ, ಎರಡು ಲೆಕ್ಕ ಬಂತು. ಐದನೆಯವರು ದಿನಾ ಅಂಟಿಸುವ ರಗಳೆ ಬೇಡವೆಂದು ಮೂವತ್ತನ್ನೂ ಒಂದೇ ಸಂಜೆ ಮೈತುಂಬ ಅಂಟಿಸಿಕೊಂಡು ಕೂತರು. ಅವರಿಗೆ ಆವತ್ತು ಒಂದೂ ಕಚ್ಚಲಿಲ್ಲ. ಹೆಂಡತಿ ಮಕ್ಕಳೂ ಹತ್ತಿರ ಬರಲಿಲ್ಲ.

6. ಹಳೇಬೀಡಿನ ಎಂಟು

ಹೀಗೆ ಅರಸೀಕೆರೆ, ಬೇಲೂರುಗಳ ಹದಿನಾರರಲ್ಲಿ ಸರಿ ಇದ್ದವು ಏಳು. ಹಳೇಬೀಡಿನ ಎಂಟೂ ಸರಿಯಾಗಿ ಬಂದರೆ ಹದಿನೈದು. ಒಂದು ಕಡಿಮೆಯಾದರೂ ಕೆಲಸ ಇಲ್ಲ.

ಆ ಎಂಟು ಜನ ಒಂದೇ ಬೀದಿಯವರು. ಮೊದಲ ಮನೆಯ ಅಜ್ಜಿ ಐದನೆಯ ವಾರ ನನ್ನ ಮುಖ ನೋಡಿ, “ಯಾಕ್ ಮಗ, ಸಪ್ಪಗಿದ್ದೀಯ?” ಎಂದರು. ನಾನು ಸಾಮಾನ್ಯವಾಗಿ ಹೆಚ್ಚು ಮಾತಾಡುವವಳಲ್ಲ. ಆವತ್ತು ಆಡಿದೆ. ಈ ಬೀದಿಯ ಎಂಟು ಫಾರಂ ಸರಿಯಾಗಿ ಬರದಿದ್ದರೆ ಕೆಲಸ ಹೋಗುತ್ತದೆ ಎಂದೆ.

“ಎಂಟೂ ಬತ್ತವೆ. ನೀ ಮೊದ್ಲು ಉಣ್ಣು” ಎಂದು ಅಜ್ಜಿ ಮುದ್ದೆ ಬಡಿಸಿದರು.

ಎಂಟೂ ಬಂದವು. ಒಂದು ಮನೆಯೂ ಖಾಲಿ ಬಿಟ್ಟಿರಲಿಲ್ಲ. ಖುಷಿಯಲ್ಲಿ ಸರಿಯಾಗಿ ನೋಡದೆ ಕಳಿಸಿಬಿಟ್ಟೆ. ಮೂರನೆಯ ದಿನ ಮ್ಯಾನೇಜರ್ ಫೋನ್ ಮಾಡಿದರು.

“ಎಂಟು ಜನ, ಮೂವತ್ತು ದಿನ. ಇನ್ನೂರ ನಲವತ್ತು ಸೊನ್ನೆ ಇದೆ ಮೇಡಂ. ಅದರಲ್ಲಿ ನಾಲ್ಕು ಜನರ ಸ್ಟಿಕ್ಕರಿನಲ್ಲಿ ಔಷಧಾನೇ ಇರಲಿಲ್ಲ. ಅವರಿಗೂ ಕಚ್ಚಲಿಲ್ವಾ? ಹೋಗಿ ವಿಚಾರಿಸಿ. ಅವರು ನಿಜವಾದ ಲೆಕ್ಕ ಬರೆದುಕೊಟ್ರೆ ಸರಿ, ಇಲ್ಲಾಂದ್ರೆ ಈ ಎಂಟನ್ನೂ ತೆಗೆದುಬಿಡ್ತೀವಿ.”

ಸಂಜೆ ಆರಕ್ಕೆ ಹೋದೆ. ಎಂಟೂ ಜನ ಅಜ್ಜಿಯ ಜಗಲಿಯ ಮೇಲೆ ಕೂತಿದ್ದರು. ಚಟ್, ಪಟ್ ಎಂದು ಎಲ್ಲರ ಕೈಗಳೂ ಕೆಲಸ ಮಾಡುತ್ತಿದ್ದವು.

“ಅಜ್ಜಿ, ಮೂವತ್ತು ದಿನದಲ್ಲಿ ಒಂದು ಸೊಳ್ಳೆಯೂ ಕಚ್ಚಲಿಲ್ವಾ?”

“ಕಚ್ಚದೆ ಬಿಟ್ಟಾವಾ? ಪಕ್ಕದಲ್ಲೇ ಕೆರೆ ಐತೆ” ಎಂದು ಅಜ್ಜಿ ಮೊಣಕೈಗೆ ಒಂದು ಹೊಡೆದುಕೊಂಡರು.

“ಮತ್ತೆ ಎಲ್ಲರೂ ಸೊನ್ನೆ ಬರೆದಿದ್ದೀರಿ?”

“ಕಚ್ಚವೆ ಅಂತ ಬರುದ್ರೆ ನಿನ್ ಕೆಲ್ಸ ಉಳೀತದಾ? ಬೀದಿಯೋರೆಲ್ಲ ಕೂತು ತೀರ್ಮಾನ ಮಾಡುದ್ವಿ. ಈ ಟೈಲರೊಬ್ಬ ಮಾತು ಕೇಳ್ನಿಲ್ಲ.”

ಟೈಲರ್ ತಲೆ ತಗ್ಗಿಸಿದ. “ಒಂದೇ ಒಂದು ದಿನ ಎರಡು ಅಂತ ಬರೆದಿದ್ದೆ ಮೇಡಂ. ಬ್ಲೇಡಲ್ಲಿ ಕೆರೆದು ತೆಗೆಸಿದ್ರು.”

“ಹೆಣ್ಮಗಿನ ಅನ್ನಕ್ಕೆ ಕಲ್ಲು ಹಾಕ್ತೀಯೇನ್ಲಾ ಅಂತ ಬೈದೆ” ಎಂದರು ಅಜ್ಜಿ.

ನಿಧಾನವಾಗಿ ವಿವರಿಸಿದೆ. ಕಚ್ಚಿದರೂ ಪರವಾಗಿಲ್ಲ. ನೂರು ಕಚ್ಚಿದರೂ ನನ್ನ ಕೆಲಸಕ್ಕೆ ತೊಂದರೆ ಇಲ್ಲ. ಸುಳ್ಳು ಬರೆದರೆ ಮಾತ್ರ ಹೋಗುತ್ತದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಎಂಟು ಹೊಸ ಫಾರಂ ಹಂಚಿ, ನೆನಪಿದ್ದಷ್ಟು ನಿಜ ಬರೆಯಿರಿ, ನೆನಪಿಲ್ಲದ್ದನ್ನು ಖಾಲಿ ಬಿಡಿ ಎಂದೆ. ಎಂಟು ಪೆನ್ನು ಹೊರಗೆ ಬಂದವು. ಯಾರೂ ಬರೆಯಲಿಲ್ಲ. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ನನ್ನ ಮುಖ ನೋಡಿದರು.

“ಅದ್ನ ಮೊದ್ಲೇ ಹೇಳೋದಲ್ವಾ ಮಗ. ನಿಜ ಅಂದ್ರೆ ಎಷ್ಟು ಬರೀಬೇಕು, ನೀನೇ ಹೇಳು. ಅಷ್ಟೇ ಬರೀತೀವಿ.”

“ಹತ್ತು ಸಾಕಾ ಮೇಡಂ, ಇಪ್ಪತ್ತು ಹಾಕ್ಲಾ?” ಎಂದ ಟೈಲರ್, ಉದಾರವಾಗಿ.

ಹೊಸ ಫಾರಂಗಳನ್ನು ವಾಪಸ್ ತೆಗೆದುಕೊಂಡೆ. ನನ್ನ ಕೆಲಸ ಆ ವಾರಕ್ಕೇ ಮುಗಿಯಿತು. ವರದಿಯ ಕೊನೆಯ ಸಾಲು ಬರೆಯುವುದೂ ನನ್ನ ಪಾಲಿಗೇ ಬಂತು. ಬೇಕಿದ್ದ ಫಾರಂ ಹದಿನೈದು. ಸರಿಯಾದ ಫಾರಂ ಏಳು.