ಕಾರಿಗೊಂದು ಜ್ವರದ ಚಾರ್ಟು

ಕಾಯಿಲೆಗಳಲ್ಲೆಲ್ಲ ಕೆಟ್ಟದ್ದು ಯಾವುದೆಂದು ನನ್ನನ್ನು ಕೇಳಿದರೆ, ಡಾಕ್ಟರ ಮುಖ ಕಂಡ ತಕ್ಷಣ ವಾಸಿಯಾಗಿಬಿಡುವ ಕಾಯಿಲೆ ಎನ್ನುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದವಳು ನಾನು. ನಿವೃತ್ತಿಯಾದದ್ದು ವಾರ್ಡ್ ಸಿಸ್ಟರಾಗಿ. ಇಡೀ ವಾರ್ಡಿನ ನಿದ್ದೆ ಕೆಡಿಸಿ ನರಳಿದ ರೋಗಿ, ಬೆಳಗ್ಗೆ ರೌಂಡ್ಸಿಗೆ ಡಾಕ್ಟರು ಬಂದಾಗ ಮದುವೆ ಮನೆಗೆ ಬಂದ ಬೀಗರ ಹಾಗೆ ನಗುತ್ತ ಕೂತು, "ಈಗೇನಿಲ್ಲ ಸಾ, ಸಂದಾಗಿವ್ನಿ" ಅಂದುಬಿಡುತ್ತಿದ್ದ. ಆಗ ಡಾಕ್ಟರು ನನ್ನ ಕಡೆ ಒಂದು ನೋಟ ಬೀರುತ್ತಿದ್ದರು. ರೋಗಿಗಿಂತ ಸಿಸ್ಟರಿಗೇ ಚಿಕಿತ್ಸೆ ಬೇಕೇನೋ ಎಂಬಂಥ ನೋಟ. ಪಿಂಚಣಿ ಬಂದ ಮೇಲೆ ಅದೇ ನೋಟವನ್ನು ಮೂರು ಊರಿನ ಮೆಕ್ಯಾನಿಕ್ಕುಗಳ ಮುಖದಲ್ಲಿ ನೋಡಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾವಿರುವುದು ಹೊಳೆನರಸೀಪುರದಲ್ಲಿ. ನನ್ನದೊಂದು ಹಳೆಯ ಡೀಸೆಲ್ ಕಾರಿದೆ. ನಾನು ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು, ಹಾಗಾಗಿ ಪುಸ್ತಕದಲ್ಲಿ ಬರೆದ ಹಾಗೆಯೇ ಓಡಿಸುತ್ತೇನೆ. ಖಾಲಿ ರಸ್ತೆಯಲ್ಲೂ ತಿರುವಿಗೆ ಇಂಡಿಕೇಟರ್ ಹಾಕುತ್ತೇನೆಂದು ನಮ್ಮ ಯಜಮಾನರು ನಗುತ್ತಾರೆ. ಆ ಕಾರಿನ ಮುಖ್ಯ ಕೆಲಸವೆಂದರೆ ತಿಂಗಳಿಗೊಮ್ಮೆ ನನ್ನ ಅಕ್ಕನನ್ನು ಹಾಸನದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಅಕ್ಕ ಇರುವುದು ಅರಕಲಗೂಡಿನ ಆಚೆ, ಮಲ್ಲಿಪಟ್ಟಣದ ಹತ್ತಿರ, ಮಗ ಸೊಸೆಯ ಜೊತೆ. ಅವಳ ಕಣ್ಣಿನ ಪರದೆಯ ಹಿಂದೆ ನೀರು ತುಂಬಿಕೊಳ್ಳುತ್ತದೆ. ತಿಂಗಳು ತಪ್ಪದೆ ಇಂಜೆಕ್ಷನ್ ಬೀಳಬೇಕು. "ತಪ್ಪಿಸಿದರೆ ಹೋದ ದೃಷ್ಟಿ ವಾಪಸ್ ಬರೋದಿಲ್ಲ" ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು. ಕಣ್ಣಿಗೆ ಸೂಜಿ ಅಂದರೆ ಅಕ್ಕ ಮಗನ ಜೊತೆಯೂ ಹೊರಡುವವಳಲ್ಲ. "ಜಯ ಬಂದ್ರೆ ಓಯ್ತೀನಿ, ಇಲ್ದಿದ್ರೆ ಇಲ್ಲ" ಅಂತ ಹಟ. ನಾನು ಹುಡುಗಿಯಾಗಿದ್ದಾಗ ಹೆಣ್ಣುಮಕ್ಕಳಿಗೆ ನರ್ಸಿಂಗ್ ಯಾಕೆ ಎಂದ ಅಪ್ಪನ ಎದುರು ಎರಡು ದಿನ ಊಟ ಬಿಟ್ಟು ಕೂತು ನನ್ನನ್ನು ಟ್ರೈನಿಂಗಿಗೆ ಕಳಿಸಿದವಳು ಅವಳು. ಹಟ ಮಾಡುವ ಹಕ್ಕು ಅವಳಿಗಿದೆ.

ಮೊದಲ ಸಲ ಕಾರು ನಿಂತದ್ದು ಅಕ್ಕನ ಊರು ಬಿಟ್ಟು ಹತ್ತು ನಿಮಿಷಕ್ಕೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಮಿಣಮಿಣ ಅಂದವು, ಎಂಜಿನ್ನು ಎರಡು ಸಲ ಬಿಕ್ಕಳಿಸಿತು, ನಿಂತೇಹೋಯಿತು. ಹೊಲದಲ್ಲಿದ್ದ ನಾಲ್ಕು ಜನ ಓಡಿಬಂದು ಪಕ್ಕಕ್ಕೆ ತಳ್ಳಿಕೊಟ್ಟರು. ಅವರಿಗೆ ಇವತ್ತಿಗೂ ನಾನು ಋಣಿ. ಹೆಸರು ಕೇಳುವಷ್ಟರಲ್ಲಿ ಕೈ ಒರೆಸಿಕೊಂಡು ಹೊರಟೇಹೋಗಿದ್ದರು. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ, ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟಾಯಿತು. ಮುಂದಿನ ತಿಂಗಳೂ ಅದೇ ಕಥೆ.

ಚನ್ನರಾಯಪಟ್ಟಣದ ಗಾರೇಜಿಗೆ ಒಯ್ದೆ. ಡೀಸೆಲ್ಲಿನಲ್ಲಿ ನೀರು ಸೇರಿದೆ ಎಂದು ಫಿಲ್ಟರ್ ಬದಲಾಯಿಸಿದರು. ಮತ್ತೆ ನಿಂತಿತು. ಹಾಸನದ ದೊಡ್ಡ ಗಾರೇಜಿಗೆ ಒಯ್ದೆ. ಅಲ್ಲಿ ಕಂಪ್ಯೂಟರಿನ ವೈರನ್ನು ಕಾರಿಗೆ ಚುಚ್ಚಿ, "ಕಾರಿನ ಮೆಮೊರಿಯಲ್ಲಿ ಒಂದೇ ಒಂದು ಫಾಲ್ಟೂ ದಾಖಲಾಗಿಲ್ಲ ಮೇಡಂ, ತುಂಬ ಆರೋಗ್ಯವಾಗಿದೆ" ಎಂದರು. ಆ ನೋಟವನ್ನೂ ಬೀರಿದರು. ಕೊನೆಗೆ ನಮ್ಮ ಊರಿನ ಜವರಪ್ಪನ ಹತ್ತಿರ ಹೋದೆ. ಬೇವಿನ ಮರದ ಕೆಳಗೆ ಒಂದು ಶೀಟಿನ ಮನೆ, ಅದೇ ಅವನ ಗಾರೇಜು. ಅರವತ್ತರ ಹತ್ತಿರದ ಮನುಷ್ಯ. ಕಿವಿಯನ್ನು ಬಾನೆಟ್ಟಿಗೆ ಹತ್ತಿಸಿ ಕೇಳುತ್ತಾನೆ, ನಾವು ಎದೆಗೆ ಸ್ಟೆತೊಸ್ಕೋಪ್ ಇಟ್ಟ ಹಾಗೆ. ಅವನೂ ಇಡೀ ದಿನ ನೋಡಿ ತಲೆ ಅಲ್ಲಾಡಿಸಿದ.

"ಇಂಗೆ ಸುಮ್ನೆ ಓಡ್ತಾ ಇರೋ ಗಾಡೀಲಿ ಏನ್ ಉಡುಕ್ಲಿ ಸಿಸ್ಟ್ರಮ್ಮ? ನಿಂತಾಗ ತಕಬನ್ನಿ."

"ನಿಂತಿದ್ದನ್ನ ಹೆಂಗಯ್ಯಾ ತರಲಿ?"

"ಅದೇ ಕಣಮ್ಮ ಕಷ್ಟ" ಎಂದ, ಬಹಳ ಗಂಭೀರವಾಗಿ.

ನಾನು ಬಿಡುವವಳಲ್ಲ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಮದ್ದಿಗಿಂತ ಮೊದಲು ಚಾರ್ಟು ಬೇಕು. ಗೆರೆ ಹಾಕಿದ ಪುಸ್ತಕ ತೆಗೆದು ಬರೆದಿಟ್ಟೆ: ದಿನ, ಗಂಟೆ, ರಸ್ತೆ, ಬಿಸಿಲೋ ಮೋಡವೋ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟು, ಕಾರಿನಲ್ಲಿ ಯಾರು ಯಾರು. ಸಂತೆಗೆ ಹೋದದ್ದು, ಹರದನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದದ್ದು, ಎಲ್ಲವೂ ಬಂತು. ಆರು ತಿಂಗಳಾದ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ನೋಡಿದೆ. ಕಾರು ಐದು ಸಲ ನಿಂತಿತ್ತು. ಐದೂ ಸಲ ಅಕ್ಕ ಕಾರಿನಲ್ಲಿದ್ದಳು. ಅಕ್ಕ ಇಲ್ಲದಾಗ ಒಮ್ಮೆಯೂ ನಿಂತಿರಲಿಲ್ಲ.

ನಮ್ಮ ಯಜಮಾನರು ಕನ್ನಡಕ ಏರಿಸಿ ಓದಿ, "ಸರಿ ಹೋಯ್ತು, ಕಾರು ಮಾರು, ಇಲ್ಲ ಅಕ್ಕನ್ನ ಬದಲಾಯಿಸು" ಎಂದರು. ಅವರ ತಮಾಷೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ನಾನು, ಒಂದು ಪತ್ತೆ ಮಾಡಿದೆನೆಂಬ ಉಬ್ಬಿನಲ್ಲಿ, ಅದನ್ನು ಫೋನಿನಲ್ಲಿ ಅಕ್ಕನಿಗೇ ಓದಿ ಹೇಳಿಬಿಟ್ಟೆ.

"ಅಂಗಾರೆ ನಾನ್ ಕುಂತ್ರೇ ನಿಲ್ಲೋದು ಅನ್ನು" ಎಂದಳು.

"ಹಂಗಲ್ಲ ಅಕ್ಕ, ಚಾರ್ಟಿನಲ್ಲಿ..."

"ಚಾರ್ಟಲ್ಲೇ ಬರ್ದೈತಲ್ಲ. ನೀನೇ ಬರ್ದಿದ್ದೀಯ. ನಿಂಗೆ ಯಾವತ್ತಾದ್ರೂ ತಪ್ಪು ಬರ್ದು ಗೊತ್ತಾ? ನನ್ನ ಕಾಲ್ಗುಣ ಸರಿಯಿಲ್ಲ ಕಣೆ. ಈ ತಿಂಗ್ಳು ನಾ ಬರಾಕಿಲ್ಲ."

ಇಂಜೆಕ್ಷನ್ನಿಗೆ ಉಳಿದದ್ದು ಮೂರು ದಿನ. ಎಷ್ಟೋ ತಾಯಂದಿರನ್ನು ಮಕ್ಕಳ ಸೂಜಿಗೆ ಹೆದರಬೇಡಿ ಎಂದು ಒಪ್ಪಿಸಿದವಳು ನಾನು, ನನ್ನ ಅಕ್ಕನನ್ನು ನನ್ನದೇ ಅಕ್ಷರಗಳಿಂದ ಬಿಡಿಸಲಾಗಲಿಲ್ಲ. ದಿನಾ ಫೋನು ಮಾಡಿದೆ. ಸೊಸೆ ಎತ್ತಿ, "ಅತ್ತೆ ಎತ್ತಲ್ಲ ಅಂತವ್ರೆ ಚಿಕ್ಕಮ್ಮ" ಎನ್ನುತ್ತಿದ್ದಳು. ಇಂಜೆಕ್ಷನ್ನಿನ ಹಿಂದಿನ ದಿನ ಬೇರೆ ದಾರಿ ಕಾಣದೆ ಜವರಪ್ಪನ ಬೇವಿನ ಮರದ ಕೆಳಗೆ ಹೋಗಿ ಕೂತು ಎಲ್ಲ ಹೇಳಿದೆ. ಅವನು ಚಾರ್ಟನ್ನು ತಿರುವಿ ತಿರುವಿ ನೋಡಿದ.

"ನಾಳೆ ನಾನೂ ಬತ್ತೀನಿ" ಎಂದ. "ಇಂದ್ಗಡೆ ಸೀಟಲ್ಲಿ ಕುಂತ್ಕತೀನಿ. ಒಂದ್ ಮಾತು ಸಿಸ್ಟ್ರಮ್ಮ. ನಮ್ಮತ್ರ ಬರೋವಾಗೆಲ್ಲ ಗಾಡೀನ ಮದುಮಗಳ್ ಥರ ತಂದು ನಿಲ್ಲಿಸ್ತೀರಲ್ಲ, ನಾಳೆ ಅಂಗ್ ಮಾಡ್ಬೇಡಿ. ದಿನಾ ಎಂಗ್ ಆಚೆ ತಗೀತೀರೋ ಅಂಗೇ ತಗೀರಿ."

ನಿಜ, ರೌಂಡ್ಸಿಗೆ ಮೊದಲು ರೋಗಿಗೆ ಮೈ ಒರೆಸಿ, ತಲೆ ಬಾಚಿ, ಹಾಸಿಗೆಯ ಮೇಲುಹಾಸು ಬದಲಾಯಿಸುವುದು ನನ್ನ ರಕ್ತದಲ್ಲೇ ಇದೆ. ಗಾರೇಜಿಗೆ ಹೋಗುವ ದಿನ ಕಾರನ್ನೂ ಒಳಗೆ ಹೊರಗೆ ತೊಳೆದು ಒರೆಸಿ ಬಿಗಿ ಮಾಡಿಯೇ ಒಯ್ಯುತ್ತಿದ್ದೆ. ಕೊಳೆ ರೋಗಿಯನ್ನು ಡಾಕ್ಟರ ಮುಂದೆ ಮಲಗಿಸುವುದು ಎಂಥ ಸಿಸ್ಟರಿನ ಲಕ್ಷಣ? ಆದರೂ ಅಂದು ಒಪ್ಪಿಕೊಂಡೆ.

ಬೆಳಗ್ಗೆ ಮಲ್ಲಿಪಟ್ಟಣ ತಲುಪಿದಾಗ ಅಕ್ಕ ಕಂಬ ಹಿಡಿದು ನಿಂತಿದ್ದಳು. ಜವರಪ್ಪ ಇಳಿದು ಕೈಮುಗಿದು, "ಅಮ್ಮೋರೇ, ನೀವ್ ಬಂದ್ರೇನೆ ಈ ಗಾಡಿ ಕಾಯ್ಲೆ ತೋರ್ಸೋದು. ನಂಗೋಸ್ಕರ ಬನ್ನಿ" ಎಂದ. ಮೂರು ದಿನದಿಂದ ತನ್ನನ್ನೇ ದೂರಿಕೊಳ್ಳುತ್ತಿದ್ದವಳಿಗೆ ತಾನೂ ಒಂದು ಕೆಲಸಕ್ಕೆ ಬರುವವಳೆಂದು ಮೊದಲ ಸಲ ಯಾರೋ ಹೇಳಿದ ಹಾಗಾಯಿತು. ಸೀರೆ ಸೆರಗು ಸರಿ ಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. "ನಿಂತ್ರೆ ನನ್ನ ಬಯ್ಬೇಡಿ" ಎಂದಳು. "ನಿಲ್ಲದಿದ್ರೆ ಬಯ್ತೀನಿ" ಎಂದ ಅವನು.

ಕಾರು ಅವನ ಮಾತು ಉಳಿಸಿತು. ಊರಾಚೆ, ಅಕ್ಕ ಜೊತೆಗಿದ್ದಾಗ ಮಾತ್ರ ನಾನು ಹಿಡಿಯುವ ಹಾಸನದ ದಾರಿಯಲ್ಲಿ, ರಸ್ತೆ ಕಿತ್ತುಹೋದ ಕಡೆ ಒಂದು ಹಂಪು, ಅದರ ಹಿಂದೆಯೇ ಒಂದು ಗುಂಡಿ. ದೀಪಗಳು ಮಿಣಮಿಣ, ಎರಡು ಬಿಕ್ಕಳಿಕೆ, ನಿಶ್ಶಬ್ದ. ಅಕ್ಕ ಕಣ್ಣು ಮುಚ್ಚಿಕೊಂಡಳು. ನನ್ನ ಕೈ ಅಭ್ಯಾಸದಂತೆ ಕೀ ಕಡೆ ಹೋಯಿತು.

"ಮುಟ್ಬೇಡಿ!" ಎಂದು ಜವರಪ್ಪ ಕೂಗಿದ. ಡಾಕ್ಟರುಗಳು ಕೂಡ ನನ್ನ ಮೇಲೆ ಹಾಗೆ ಕೂಗಿರಲಿಲ್ಲ.

ಬಾನೆಟ್ ಎತ್ತಿದ. ಬ್ಯಾಟರಿಯ ತಲೆಗೆ ಕಚ್ಚಿಕೊಂಡಿರಬೇಕಾದ ಕರಿ ವೈರಿನ ಹಿಡಿಯನ್ನು ಕಿರುಬೆರಳಿನಿಂದ ಎತ್ತಿದ. ಮಡಕೆಯ ಮುಚ್ಚಳದ ಹಾಗೆ ಎದ್ದು ಬಂತು. ಅದರ ಬೋಲ್ಟನ್ನು ಬಿಸಿಲಿಗೆ ಹಿಡಿದ. ಮೂಲೆಗಳೆಲ್ಲ ಸವೆದು ಗೋಲಿಯ ಹಾಗೆ ದುಂಡಗಾಗಿತ್ತು.

"ಇದನ್ನ ದಿನಾ ಬಿಚ್ಚೋರು ಯಾರು?"

"ನಾನೇ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. "ಸಂಜೆ ಏಳಕ್ಕೆ ಬಿಚ್ಚಿಡ್ತೀನಿ. ಬೆಳಗ್ಗೆ ಹಾಕಿ, ಕಾರಿನ ಗಡಿಯಾರ ತಿರುಗಿಸ್ತೀನಿ. ಡ್ಯೂಟಿ ಮುಗಿದ ಮೇಲೆ ಎಲ್ಲ ಸ್ವಿಚ್ಚೂ ಆರಿರಬೇಕಲ್ಲ."

"ಎಷ್ಟ್ ವರ್ಸದಿಂದ?"

"ಕಾರು ತಂದಾಗಿನಿಂದ. ಬೋಲ್ಟ್ ಸವೆಯಬಾರದು ಅಂತ ದಿನಾ ಮೆತ್ತಗೇ ಬಿಗಿ ಮಾಡ್ತೀನಿ. ಗಾರೇಜಿಗೆ ಹೋಗೋ ದಿನ ಮಾತ್ರ ಒರೆಸಿ, ಇಕ್ಕಳ ಹಿಡಿದು ಗಟ್ಟಿಯಾಗಿ..."

ಹೇಳುತ್ತ ಹೇಳುತ್ತ ನನಗೇ ಅರ್ಥವಾಗತೊಡಗಿತು. ಜವರಪ್ಪ ಬೋಲ್ಟ್ ಕೆಳಗಿಟ್ಟು, ಬಹಳ ಮರ್ಯಾದೆಯಿಂದ ವಿವರಿಸಿದ. ದಿನಾ ಬಿಚ್ಚಿ ಹಾಕಿ ಹಿಡಿಯ ಬಾಯಿ ಅಗಲವಾಗಿದೆ. ನಯವಾದ ರಸ್ತೆಯಲ್ಲಿ ಹೇಗೋ ಕೂತಿರುತ್ತದೆ. ಅಕ್ಕನ ಊರಿನ ಗುಂಡಿಗೆ ಎಗರುತ್ತದೆ. ಕಾರು ಪಾಪ, ತನಗೆ ಹೀಗಾಯಿತೆಂದು ಮೆಮೊರಿಯಲ್ಲಿ ಬರೆದಿಟ್ಟುಕೊಂಡರೂ, ಸಂಜೆ ಏಳಕ್ಕೆ ವೈರು ಬಿಚ್ಚಿದ ತಕ್ಷಣ ಎಲ್ಲ ಅಳಿಸಿಹೋಗುತ್ತದೆ.

"ಅಂದ್ರೆ ಕೇಸ್ ಶೀಟನ್ನ..." ಎಂದೆ.

"ನೀವೇ ದಿನಾ ಅರಿದಾಕ್ತಿದ್ರಿ ಸಿಸ್ಟ್ರಮ್ಮ. ಆಮೇಲೆ ಕಾಯ್ಲೆ ವಾಸಿ ಮಾಡಿ ನಮ್ಮತ್ರ ತರ್ತಿದ್ರಿ."

ನನ್ನ ಸರ್ವಿಸಿನಲ್ಲಿ ಕೇಸ್ ಶೀಟಿನ ಒಂದು ಚೂರು ಕಳೆದರೂ ಕಿರಿಯ ನರ್ಸುಗಳನ್ನು ಅಳಿಸಿದ್ದೇನೆ. ಅವರೆಲ್ಲ ಆ ಗುಂಡಿಯ ಪಕ್ಕದಲ್ಲಿ ಸಾಲಾಗಿ ನಿಂತು ನನ್ನನ್ನು ನೋಡುತ್ತಿರುವ ಹಾಗೆ ಅನಿಸಿತು. ಕಾರಿನೊಳಗಿಂದ ಒಂದು ಸದ್ದು ಬಂತು. ಅಕ್ಕ ಅಳುತ್ತಿದ್ದಾಳೆಂದು ಓಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನನ್ ಕಾಲ್ಗುಣ ಅಲ್ಲ ಕಣೆ ಜಯ, ನಿನ್ ಕೈಗುಣ!"

ಜವರಪ್ಪ ತಾಮ್ರದ ತಗಡಿನ ಚೂರೊಂದನ್ನು ಸುತ್ತಿ, ಕಾರಿನಲ್ಲಿದ್ದ ನನ್ನ ಇಕ್ಕಳದಿಂದಲೇ ಬಿಗಿ ಮಾಡಿದ. ಹಾಸನದವರೆಗೆ ಕಾರು ಒಮ್ಮೆಯೂ ಬಿಕ್ಕಳಿಸಲಿಲ್ಲ. ಅಕ್ಕ ಒಳಗೆ ಇಂಜೆಕ್ಷನ್ ಹಾಕಿಸಿಕೊಳ್ಳುವಷ್ಟರಲ್ಲಿ ಅವನು ಅಂಗಡಿ ಹುಡುಕಿ ಹೊಸ ಹಿಡಿ ತಂದು ಹಾಕಿಯೂ ಆಗಿತ್ತು. ನನ್ನ ಇಕ್ಕಳವನ್ನು ಮಾತ್ರ ವಾಪಸ್ ಕೊಡಲಿಲ್ಲ. "ನನ್ನತ್ರ ಇರ್ಲಿ" ಎಂದು ಜೇಬಿಗೆ ಹಾಕಿಕೊಂಡ. ಪುಣ್ಯಾತ್ಮ, ಈ ಕಥೆಯನ್ನು ಬೇವಿನ ಮರದ ಕೆಳಗೆ ಯಾರಿಗೂ ಹೇಳಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿದೆ.

ಆಮೇಲೆ ಅಕ್ಕ ಒಂದು ತಿಂಗಳೂ ತಪ್ಪಿಸಿಲ್ಲ. ಹೋದ ಸಲ ಹಾಸನದಿಂದ ವಾಪಸ್ ಬರುವಾಗ ರಸ್ತೆ ಖಾಲಿಯಿತ್ತು, ಗಾಳಿ ತಂಪಾಗಿತ್ತು, ನನ್ನ ಮನಸ್ಸೂ ಹಗುರವಾಗಿತ್ತು. ಪಕ್ಕದಲ್ಲಿ ಕೂತಿದ್ದವಳು ನನ್ನ ಕಡೆಗೆ ಬಗ್ಗಿ, ಕಣ್ಣು ಕಿರಿದು ಮಾಡಿ, "ಏ ಜಯ, ಅರವತ್ತೆಂಟಾಯ್ತು. ಪುಸ್ತಕ ನೋಡಿ ಓಡ್ಸೋಳು ಅಂತೀಯ, ನಿಧಾನ ಓಗು" ಎಂದಳು. ಹೋದ ವರ್ಷ ಸ್ಟೀರಿಂಗ್ ಹಿಡಿದ ನನ್ನ ಕೈಯೇ ಅವಳಿಗೆ ಮಸುಕಾಗಿ ಕಾಣುತ್ತಿತ್ತು. ಇರಲಾರದು, ಅಂದಾಜಿಗೆ ಹೇಳಿದ್ದಾಳೆ ಎಂದುಕೊಂಡು ಸ್ಪೀಡೋಮೀಟರಿನ ಮುಳ್ಳನ್ನು ನೋಡಿದೆ. ಸರಿಯಾಗಿ ಅರವತ್ತೆಂಟು.