ಕೆಂಪು ತಂತಿ ಒತ್ತೋದಕ್ಕೆ

“ನಾಳೆ ನಿನ್ನ ಟೀ ಆರೋದ್ರೊಳಗೆ ಇದನ್ನ ಕೂರಿಸಿಬಿಡ್ತೀನಿ, ನೋಡ್ತಿರು!” ಎಂದರು ನನ್ನ ಯಜಮಾನರು.

ಕೈಯಲ್ಲಿ ಅಂಗೈಯಗಲದ ಕಪ್ಪು ಡಬ್ಬಿ. ಟ್ರೇಲರ್ ಬ್ರೇಕ್ ಕಂಟ್ರೋಲರ್ ಎಂದು ಅದರ ಹೆಸರು. ಹೆಸರು ಹೇಳುವಷ್ಟರಲ್ಲಿ ನನಗೆ ಬಾಯಿ ಒಣಗಿತು. ಡಬ್ಬಿ ಎಂದೇ ಕರೆದೆ.

ನಮ್ಮದು ಗಿಡ ಮಾರುವ ನರ್ಸರಿ. ಕುಂಡ ಸಾಗಿಸಲು ಟ್ರೇಲರ್, ಅದನ್ನು ಎಳೆಯಲು ಒಂದು ಹಳೇ ಜೀಪು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಜೀಪು. ಎಳೆಯುವುದರಲ್ಲಿ ಆನೆ. ನಿಲ್ಲುವುದರಲ್ಲಿ ಮಾತ್ರ ಅದರದ್ದೇ ಇಷ್ಟ. ನಮ್ಮ ಗೇಟಿನಿಂದಲೇ ಇಳಿಜಾರು. ತುಂಬಿದ ಟ್ರೇಲರ್ ಹಿಂದಿನಿಂದ ದಬ್ಬುತ್ತಿತ್ತು. ಈ ಡಬ್ಬಿ ಕೂರಿಸಿದರೆ ಜೀಪಿಗೆ ಬ್ರೇಕ್ ಹಾಕಿದಾಗ ಟ್ರೇಲರಿನ ಚಕ್ರಕ್ಕೂ ತಾನಾಗಿ ಬ್ರೇಕ್ ಬೀಳುತ್ತದಂತೆ.

“ನಾಲ್ಕೇ ತಂತಿ ಕಣೆ. ಕಪ್ಪು ಬ್ಯಾಟರಿಗೆ. ಬಿಳಿ ಜೀಪಿನ ಮೈಗೆ. ನೀಲಿ ಹಿಂದಕ್ಕೆ, ಟ್ರೇಲರಿಗೆ. ಕೆಂಪು ಒತ್ತೋದಕ್ಕೆ.”

“ನನಗ್ಯಾಕ್ರೀ ಹೇಳ್ತೀರಿ? ನಾನೇನು ಮೆಕ್ಯಾನಿಕ್ಕಾ?”

“ಯಾರಿಗಾದ್ರೂ ಹೇಳ್ಬೇಕಲ್ಲ!”

ಅಂದು ಬೆಳಿಗ್ಗೆಯೂ ಎಂದಿನಂತೆ ಜೀಪಿನಲ್ಲಿ ಕೂತು ಟೀಗಾಗಿ ಹಾರ್ನ್ ಬಾರಿಸಿದ್ದರು. ಎಂದಿನಂತೆ ನಾನೂ ಅಡುಗೆಮನೆಯಿಂದ ಕಿರುಚಿದ್ದೆ: “ಕೇಳಿಸ್ತು, ನಿಲ್ಸ್ರೀ!”

ಮಾರನೆಯ ದಿನ ಹಾರ್ನ್ ಕೇಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಟೀ ಆರಿತು.

ಅತ್ತದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನದು. ಡಬ್ಬಿಯ ಕಥೆ ಬರೆಯುತ್ತೇನೆ.

ಕೆಲವು ವಾರ ಕಳೆದ ಮೇಲೆ ಮೈದುನ ಬಂದ. ಒಳ್ಳೆಯವನೇ. ಆದರೆ ನನ್ನನ್ನು ಕಂಡರೆ ಗಾಜಿನ ಲೋಟ ಕಂಡಂತೆ ಆಡುತ್ತಾನೆ.

“ಅತ್ತಿಗೆ, ಜೀಪು ಮಾರಿಬಿಡೋಣ. ಗಿರಾಕಿ ಸಿಕ್ಕಿದ್ದಾನೆ.”

“ಕುಂಡ ಯಾರ ತಲೆ ಮೇಲೆ ಹೋಗ್ಬೇಕು? ನಿನ್ನ ತಲೆ ಮೇಲಾ?”

“ತುಂಬಿದ ಟ್ರೇಲರ್ ಈ ಇಳಿಜಾರಲ್ಲಿ ನಿಮ್ಮ ಕೈಲಿ ನಿಲ್ಲಲ್ಲ ಅತ್ತಿಗೆ. ನನಗೆ ಭಯ ಆಗುತ್ತೆ.”

“ಭಯ ನಿನಗೆ ತಾನೆ? ಭಾನುವಾರ ಆಸ್ಪತ್ರೆ ಅಂಗಳಕ್ಕೆ ಕುಂಡ ಹೋಗ್ಬೇಕು. ನಾನೇ ಡಬ್ಬಿ ಕೂರಿಸಿ, ನಾನೇ ಓಡಿಸಿ, ನಾನೇ ನಿಲ್ಲಿಸಿ ತೋರಿಸ್ತೀನಿ! ನಿಲ್ಲದಿದ್ರೆ ಕೀ ನಿನ್ನದು.”

ಜೀಪು ಓಡಿಸುವುದನ್ನು ಯಜಮಾನರೇ ಕಲಿಸಿದ್ದರು. ತಂತಿ ಕಟ್ಟುವುದು ಯಾವ ಮಹಾ ವಿದ್ಯೆ! ಜಡೆ ಹೆಣೆಯಲು ಮೂರು ಎಳೆ ಬೇಕು. ಇಲ್ಲಿ ಒಂದು ಎಳೆ ಹೆಚ್ಚು, ಅಷ್ಟೇ.

ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿದೆ. ತಲೆ ಬ್ರೇಕಿನ ಹತ್ತಿರ, ಕಾಲು ಸೀಟಿನ ಮೇಲಿಂದ ಹೊರಗೆ. ಎದುರು ಮನೆಯ ಟೈಲರಮ್ಮ ಓಡಿ ಬಂದಳು.

“ಅಯ್ಯೋ, ಯಾರದೇ ಕಾಲು ಇದು?”

“ನಂದೇ. ಎರಡೂ ನಂದೇ. ಹೋಗು, ಬಟ್ಟೆ ಹೊಲಿ!”

ಕಪ್ಪು ತಂತಿ ಎಂಜಿನ್ ಕಡೆ ಹೋಗಲು ತಗಡಿಗೆ ತೂತು ಕೊರೆದೆ. ಡ್ರಿಲ್ಲು ತಗಡು ದಾಟಿತು. ಅಲ್ಲಿಗೇ ನಿಲ್ಲಲಿಲ್ಲ, ಆಚೆ ಇದ್ದ ಗಾಜು ತೊಳೆಯುವ ನೀರಿನ ಕ್ಯಾನನ್ನೂ ದಾಟಿತು! ಬುಳುಬುಳು ಎಂದು ನೀರು ನೆಲಕ್ಕೆ ಸುರಿಯಿತು.

“ಅತ್ತಿಗೆ! ಬ್ರೇಕ್ ಎಣ್ಣೆ ಹೋಯ್ತು!”

“ಸೋಪಿನ ನೀರು ಕಣೋ. ಅಂಗಳ ತೊಳೆದ ಹಾಗಾಯ್ತು.”

ಬಿಳಿ ಮೈಗೆ ಹೋಯಿತು. ನೀಲಿ ಹಿಂದಕ್ಕೆ ಹೋಯಿತು. ಉಳಿದದ್ದು ಕೆಂಪು. ಕೆಂಪು ಒತ್ತೋದಕ್ಕೆ. ಇದರಲ್ಲಿ ಯೋಚಿಸುವುದೇನಿದೆ? ನನ್ನ ಗಂಡ ಜೀಪಿನಲ್ಲಿ ಒತ್ತುತ್ತಿದ್ದುದು ಒಂದನ್ನೇ. ಟೀ ಬೇಕಾದರೆ ಒತ್ತುತ್ತಿದ್ದರು. ಗೇಟು ತೆಗೆಯಬೇಕಾದರೆ ಒತ್ತುತ್ತಿದ್ದರು. ಕೋಳಿ ಅಡ್ಡ ಬಂದರೆ ಒತ್ತುತ್ತಿದ್ದರು, ಬರದಿದ್ದರೂ ಒತ್ತುತ್ತಿದ್ದರು. ಹಾರ್ನಿನ ತಂತಿ ಹುಡುಕಿ, ಕೆಂಪನ್ನು ಅದಕ್ಕೆ ಸುತ್ತಿ, ಟೇಪು ಬಿಗಿದೆ.

ಮೈದುನನನ್ನು ಸೀಟಿಗೆ ಹತ್ತಿಸಿದೆ. ನಾನು ಕೆಳಗೆ ಮಲಗಿ ಡಬ್ಬಿಯ ದೀಪ ನೋಡುತ್ತಿದ್ದೆ.

“ಒತ್ತು!” ಎಂದೆ.

ಅವನೂ ಹಾರ್ನನ್ನೇ ಒತ್ತಿದ. ಅಣ್ಣನ ತಮ್ಮ ತಾನೆ! ಡಬ್ಬಿಯ ದೀಪ ಹತ್ತಿತು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಭಾನುವಾರ. ಟ್ರೇಲರ್ ತುಂಬ ಕುಂಡ. ನಾನು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಬಾಗಿಲ ಹಿಡಿ ಕಿತ್ತು ಬರುವ ಹಾಗೆ ಹಿಡಿದ ಮೈದುನ. ರಾಣಿಯ ಹಾಗೆ ಗೇಟು ದಾಟಿದೆ. ಬ್ರೇಕ್ ತುಳಿದೆ. ಟ್ರೇಲರ್ ದಬ್ಬಿತು. ಇನ್ನೂ ತುಳಿದೆ. ಇನ್ನೂ ದಬ್ಬಿತು!

“ಅತ್ತಿಗೇ, ನಿಲ್ಲಿಸಿ!”

“ನಿಲ್ಲಿಸ್ತಾ ಇದೀನಲ್ಲೋ!”

“ಇದು ನಿಲ್ಲೋದಾ?”

ನಡುರಸ್ತೆಯಲ್ಲಿ ಒಂದು ನಾಯಿ ಬಿಸಿಲು ಕಾಯಿಸುತ್ತ ಮಲಗಿತ್ತು. ಬಲವಾಗಿ ಹಾರ್ನ್ ಒತ್ತಿದೆ. ಹಿಂದೆ ಯಾರೋ ಬಾಲ ಹಿಡಿದು ಎಳೆದಂತೆ ಟ್ರೇಲರ್ ಗಕ್ಕನೆ ಬಿಗಿಯಿತು! ಕುಂಡಗಳು ಒಂದಕ್ಕೊಂದು ತಲೆ ಚಚ್ಚಿಕೊಂಡವು. ನಾಯಿ ಎದ್ದು, ಮೈ ಮುರಿದು, ನಮ್ಮನ್ನು ಒಮ್ಮೆ ನೋಡಿ ಹೋಯಿತು.

ಹಾರ್ನ್ ಬಿಟ್ಟೆ, ಟ್ರೇಲರ್ ದಬ್ಬಿತು. ಒತ್ತಿದೆ, ನಿಂತಿತು. ಆಗ ಹೊಳೆಯಿತು. ಬ್ರೇಕನ್ನೂ ಒತ್ತುತ್ತಾರೆ! ಅವರು ಹೇಳಿದ್ದು ಬ್ರೇಕಿನ ಮಾತು. ಆದರೆ ಆ ಮನುಷ್ಯ ಬ್ರೇಕ್ ಒತ್ತಿದ್ದನ್ನು ನಾನು ಕಂಡಿದ್ದರೆ ತಾನೆ!

ಇನ್ನೇನು ಮಾಡಲಿ? ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ಒತ್ತುತ್ತ, ಊರಿಗೆಲ್ಲ ಕೇಳುವಂತೆ ಬಾರಿಸಿಕೊಂಡೇ ಇಳಿಜಾರು ಇಳಿದೆ. ಬೀದಿಯ ಬಾಗಿಲುಗಳೆಲ್ಲ ತೆರೆದವು. ಬೈಯುತ್ತಾರೆ ಎಂದುಕೊಂಡೆ. ಯಾರೂ ಬೈಯಲಿಲ್ಲ. ಕತ್ತು ಚಾಚಿ ಸ್ಟೇರಿಂಗಿನ ಕಡೆ ನೋಡಿದರು.

ಕೆಳಗೆ ಸಮನೆಲದಲ್ಲಿ ನಿಲ್ಲಿಸಿದೆ. ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಬರಿಗಾಲಲ್ಲಿ ಹಿಂದಿನಿಂದ ಓಡಿ ಬಂದಿದ್ದಳು. ಏದುಸಿರು ಬಿಡುತ್ತ ಒಳಗೆ ಇಣುಕಿದಳು. ಮುಖ ಇಳಿಯಿತು.

“ಓ, ನೀನಾ... ನಿನ್ನ ಯಜಮಾನ್ರು ಬಂದ್ರು ಅಂದ್ಕೊಂಡ್ಬಿಟ್ಟೆ ಕಣೆ.”

ಹಾರ್ನಿನ ಮೇಲಿಂದ ನಾನಿನ್ನೂ ಕೈ ತೆಗೆದಿರಲಿಲ್ಲ. ಆಗ ತೆಗೆದೆ.

ಮೈದುನನ ಕಡೆ ತಿರುಗಿ ಕೇಳಿದೆ, “ನಿಲ್ತು ತಾನೆ?”

“ನಿಲ್ತು ಅತ್ತಿಗೆ. ಊರೆಲ್ಲಾ ನಿಲ್ತು.” ಕಣ್ಣೊರೆಸಿಕೊಂಡ. “ಕೀ ನಿಮ್ಮ ಹತ್ರಾನೇ ಇರ್ಲಿ.”

ಅಂದು ಸಂಜೆಯೇ ಮತ್ತೆ ಅಂಗಾತ ಮಲಗಿದೆ. ಬ್ರೇಕಿಗೆ ಕಾಲಿಟ್ಟಾಗ ಹಿಂದಿನ ಕೆಂಪು ದೀಪ ಹತ್ತಿಸುವ ತಂತಿ ಹುಡುಕಿ, ಡಬ್ಬಿಯ ಕೆಂಪನ್ನು ಅದಕ್ಕೆ ಕಟ್ಟಿದೆ. ಈ ಸಲ ಮೈದುನನಿಗೆ ‘ಒತ್ತು’ ಎನ್ನಲಿಲ್ಲ. ‘ತುಳಿ’ ಎಂದೆ.

ಈಗ ಟ್ರೇಲರ್ ನನ್ನ ಕಾಲಿನ ಮಾತು ಕೇಳುತ್ತದೆ. ಹಾರ್ನಿಗೂ ಅದಕ್ಕೂ ಸಂಬಂಧವಿಲ್ಲ.

ಆದರೂ ದಿನಾ ಬೆಳಿಗ್ಗೆ ಟೀ ಲೋಟ ಹಿಡಿದು ಜೀಪು ಹತ್ತುತ್ತೇನೆ. ಬ್ರೇಕ್ ತುಳಿಯುತ್ತೇನೆ, ಡಬ್ಬಿಯ ದೀಪ ನೋಡುತ್ತೇನೆ. ಆಮೇಲೆ ಹಾರ್ನ್ ಒತ್ತುತ್ತೇನೆ. ಎದುರು ಮನೆಯಿಂದ ಟೈಲರಮ್ಮ ಕಿರುಚುತ್ತಾಳೆ:

“ಕೇಳಿಸ್ತು, ನಿಲ್ಸೇ!”

ಇನ್ನೊಂದು ಸಲ ಒತ್ತುತ್ತೇನೆ.